ಮೂರು ಮೂಲೆಯ ಮಾಯಾವಿ! ಆರ್‌ಎಕ್ಸ್-7ಗೆ ಬಲ ತುಂಬೋದು ಹೇಗೆ?

2001ರಲ್ಲಿ ತೆರೆಕಂಡ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ನೋಡಿದವರು ಕಥೆ ಮರೆತಿರಬಹುದು. ಆದರೆ ವಿನ್ ಡೀಸೆಲ್ ಓಡಿಸಿದ ಆ ಕೆಂಪು ಕಾರನ್ನು ಮರೆಯೋಕೆ ಸಾಧ್ಯವೇ? ನಡುರಾತ್ರಿಯ ರೇಸು... ಪಕ್ಕದಲ್ಲಿ ಪಾಲ್ ವಾಕರ್‌ನ ಹಸಿರು ಕಾರು... ಗುಂಡಿ ಒತ್ತಿದ್ದೇ ತಡ, ಬಿಟ್ಟ ಬಾಣ! 2006ರ ‘ಟೋಕಿಯೋ ಡ್ರಿಫ್ಟ್’ನಲ್ಲಿ ಹಾನ್ ಪಾತ್ರಧಾರಿ ಸಂಗ್ ಕಾಂಗ್ ಜೊತೆ ಮೆರೆದ ಕಿತ್ತಳೆ-ಕಪ್ಪು ಬಣ್ಣದ ಸುಂದರಿಯೂ ಅದೇ ಮನೆತನದವಳು. ಹೆಸರು ಮಾಜ್ಡಾ ಆರ್‌ಎಕ್ಸ್-7. 1991ರಿಂದ 2002ರವರೆಗೆ ಜಪಾನಿನಲ್ಲಿ ತಯಾರಾದ ಮೂರನೇ ತಲೆಮಾರು.

ತೆರೆಯ ಮೇಲೆ ನೋಡಿ ಶಿಳ್ಳೆ ಹೊಡೆದವರು ನಾವು. ಆದರೆ ಇಂಥ ಕಾರನ್ನು ನಿಜವಾಗಿ ಇಟ್ಟುಕೊಂಡವನ ಪಾಡೇನು ಗೊತ್ತೇ? ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಎಂಜಿನ್ ಢಮಾರ್!

ಪಿಸ್ಟನ್ನೇ ಇಲ್ಲ!

ಹೌದು ಸ್ವಾಮಿ, ಈ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ರೋಟರು ಗೂಡಿನೊಳಗೆ ಗಿರಗಿರ ತಿರುಗುತ್ತದೆ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಇದರ ಜನಕ. ಮಾಜ್ಡಾ ಕಂಪೆನಿ 1967ರಲ್ಲೇ ಕಾಸ್ಮೋ ಸ್ಪೋರ್ಟ್ ಕಾರಿನಲ್ಲಿ ಇದನ್ನು ಮಾರಾಟಕ್ಕಿಟ್ಟಿತು. ನಮ್ಮ ನಾಯಕಿಯ ಎಂಜಿನ್ನಿನ ಹೆಸರು 13ಬಿ-ಆರ್‌ಇಡಬ್ಲ್ಯು. 654 ಸಿ.ಸಿ.ಯ ಎರಡು ರೋಟರು, ಒಟ್ಟು 1308 ಸಿ.ಸಿ. ಇಷ್ಟು ಪುಟ್ಟ ಎಂಜಿನ್ನಿಗೆ ಎರಡು ಟರ್ಬೋ! ಒಂದು ತಗ್ಗು ವೇಗದಲ್ಲೇ ಗಾಳಿ ತುಂಬಿದರೆ, ಸುಮಾರು 4500 ಸುತ್ತಿಗೆ ಇನ್ನೊಂದು ಕೈ ಜೋಡಿಸುತ್ತದೆ. ಮೊದಮೊದಲು 255 ಕುದುರೆಯ ಬಲ, 1999ರ ಹೊತ್ತಿಗೆ 280.

ರೋಟರಿನ ಮೂರು ಮೂಲೆಗೂ ಒಂದೊಂದು ತೆಳು ಪಟ್ಟಿ. ಅದೇ ಅಪೆಕ್ಸ್ ಸೀಲ್. ಇಡೀ ಕಾರಿನ ಪ್ರಾಣ ಇರೋದು ಅದರಲ್ಲೇ. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಉರಿ ಹದ ತಪ್ಪಿ ಒಳಗೇ ಸಿಡಿಯುತ್ತದೆ. ಸೀಲ್ ಪುಡಿ. ಆ ಚೂರು ಹೊಗೆಯ ದಾರಿಯಲ್ಲಿ ಹಾರಿ ಟರ್ಬೋ ಚಕ್ರಕ್ಕೂ ಬಡಿಯಬಹುದು. ಒಂದೇ ಏಟಿಗೆ ಎರಡು ಹೆಣ!

ಮೊದಲು ತಂಪು, ಆಮೇಲೆ ಬಿಸಿ

ಹಾಗಾದರೆ ಮೊದಲ ದುಡ್ಡು ಎಲ್ಲಿಗೆ ಹಾಕಬೇಕು? ದೊಡ್ಡ ಟರ್ಬೋಗೆ ಅಂತೀರಾ? ತಪ್ಪು! ಎಲ್ಲಕ್ಕೂ ಮೊದಲು ಕಂಪ್ರೆಷನ್ ಪರೀಕ್ಷೆ. ಸೀಲ್ ಸವೆದ ಎಂಜಿನ್ನಿಗೆ ಬಲ ತುಂಬೋದು ಜ್ವರ ಬಂದವನನ್ನು ಕುಸ್ತಿ ಅಖಾಡಕ್ಕೆ ತಳ್ಳಿದ ಹಾಗೆ.

ಎರಡನೆಯದು ರೇಡಿಯೇಟರ್. ಈ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಗೂಡು ಕಬ್ಬಿಣದ ಗೋಡೆಗಳ ನಡುವೆ ಕೂತಿರುತ್ತದೆ. ಕಾದರೆ ಎರಡೂ ಒಂದೇ ಸಮನೆ ಹಿಗ್ಗೋದಿಲ್ಲ. ನಡುವಿನ ಸೀಲ್ ಹೋಗಿ ನೀರು ಒಳಕ್ಕೆ ನುಗ್ಗುತ್ತದೆ. ಅದಕ್ಕೇ ದೊಡ್ಡ ರೇಡಿಯೇಟರು, ಪ್ಲಾಸ್ಟಿಕ್ ನೀರಿನ ಡಬ್ಬಿಯ ಜಾಗಕ್ಕೆ ಅಲ್ಯೂಮಿನಿಯಂ ಡಬ್ಬಿ, ಒಣಗಿ ಬಿರಿದ ವ್ಯಾಕ್ಯೂಮ್ ಹೋಸುಗಳ ಬದಲಿಗೆ ಹೊಸವು. ಜೊತೆಗೆ ಬೂಸ್ಟ್ ಮೀಟರು, ಉಷ್ಣ ಮೀಟರು. ಇಷ್ಟಾದರೂ ಒಂದು ಕುದುರೆಯ ಬಲವೂ ಹೆಚ್ಚೋದಿಲ್ಲ. ಆದರೆ ಇರುವ ಕುದುರೆಗಳು ಬದುಕುತ್ತವೆ!

ಹೊಗೆ ಬಿಟ್ಟರೆ ಹಗೆ?

ಆಮೇಲೆ ಸೈಲೆನ್ಸರ್ ಕಡೆ ಬನ್ನಿ. ಹೊಗೆ ಸರಾಗವಾಗಿ ಹೊರಟರೆ ಶಾಖ ಇಳಿಯುತ್ತದೆ, ಬಲ ಏರುತ್ತದೆ. ಬಹಳ ಜನ ಮುಗ್ಗರಿಸೋದು ಇಲ್ಲೇ. ಕಂಪೆನಿ ಕೊಟ್ಟ ಬೂಸ್ಟು ಸುಮಾರು 10 ಪೌಂಡು. ಕೊಳವೆಗಳನ್ನೆಲ್ಲ ಬಿಡುಗಡೆ ಮಾಡಿದಿರೋ, ಟರ್ಬೋಗೆ ಲಗಾಮು ಸಿಕ್ಕದೆ ಬೂಸ್ಟು ತಾನಾಗಿಯೇ ಏರುತ್ತದೆ. ಹಳೇ ಕಂಪ್ಯೂಟರು ಅಷ್ಟು ಗಾಳಿಗೆ ತಕ್ಕ ಪೆಟ್ರೋಲು ಉಣಿಸಲಾರದು. ಆಮೇಲೇನು? ಅದೇ ಸಿಡಿತ, ಅದೇ ಸೀಲು! ಆದ್ದರಿಂದ ಸೈಲೆನ್ಸರ್ ಬದಲಾದರೆ ಹದ ಮಾಡಬಲ್ಲ ಹೊಸ ಕಂಪ್ಯೂಟರು, ಒಳ್ಳೇ ಪೆಟ್ರೋಲ್ ಪಂಪು, ದೊಡ್ಡ ಇಂಟರ್‌ಕೂಲರ್ ಎಲ್ಲವೂ ಜೊತೆಗೇ ಬರಬೇಕು. ಮದುಮಗಳ ಜೊತೆ ಬೀಗರು ಬಂದ ಹಾಗೆ!

ಎಣ್ಣೆಯ ಮಾತೂ ಉಂಟು. ಸೀಲಿಗೆ ಜಾರು ಸಿಗಲಿ ಅಂತ ಮಾಲೀಕರು ಅನೇಕರು ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತಾರೆ. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಈ ಮಂತ್ರ ಹೊಸದಲ್ಲ ಬಿಡಿ.

ಒಂದೋ, ಎರಡೋ?

ಇನ್ನು ಕೊನೆಯ ಪ್ರಶ್ನೆ. ಎರಡು ಟರ್ಬೋ ಕಿತ್ತು ಒಂದೇ ದೊಡ್ಡದನ್ನು ಕೂರಿಸೋದೋ? ಕೊಳವೆಗಳ ಗೋಜಲು ತಪ್ಪುತ್ತದೆ, 400 ಕುದುರೆಯ ಬಲವನ್ನೂ ದಾಟಬಹುದು. ಆದರೆ ಸಿಗ್ನಲ್ ಬಿಟ್ಟೊಡನೆ ಚಿಮ್ಮುವ ಆ ಚುರುಕು ಕಮ್ಮಿಯಾಗುತ್ತದೆ. ದಿನಾ ಊರಲ್ಲಿ ಓಡಿಸೋನಿಗೆ ಎರಡೇ ಲೇಸು. ರೇಸ್ ಮೈದಾನವೇ ಮನೆ ಅನ್ನೋನಿಗೆ ಒಂದು. ಗಾಳಿಯ ಕಿಂಡಿ ಕೊರೆಯುವ ಬ್ರಿಡ್ಜ್ ಪೋರ್ಟ್ ಅಂತೂ ‘ಬ್ರಾಪ್ ಬ್ರಾಪ್’ ಅಂತ ಕೇಳೋಕೆ ಸೊಗಸು. ಬಾಳಿಕೆ ಮಾತ್ರ ಕೇಳಬೇಡಿ!

ಒಂದು ಸ್ವಾರಸ್ಯ ಕೇಳಿ. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದ ಮಾಜ್ಡಾ 787ಬಿ ಕಾರಿಗೆ ನಾಲ್ಕು ರೋಟರು ಇದ್ದವು, ಟರ್ಬೋ ಒಂದೂ ಇರಲಿಲ್ಲ! ಹಗಲೂ ರಾತ್ರಿ ನಿಲ್ಲದೆ ಓಡಿದ್ದೇ ಅದರ ಗೆಲುವಿನ ಗುಟ್ಟು.

ಸಿನಿಮಾ ಕಾರು ಕ್ಯಾಮೆರಾ ತಿರುಗುವಷ್ಟು ಹೊತ್ತು ಓಡಿದರೆ ಸಾಕು. ಮನೆಯ ಕಾರು ಬೆಳಿಗ್ಗೆ ಎದ್ದು ಮತ್ತೆ ಸ್ಟಾರ್ಟ್ ಆಗಬೇಕು. ‘ಟೋಕಿಯೋ ಡ್ರಿಫ್ಟ್’ನಲ್ಲಿ ಆರ್‌ಎಕ್ಸ್-7 ಸಮೇತ ಉರಿದು ಹೋದ ಹಾನ್, 2021ರ ‘ಎಫ್9’ರಲ್ಲಿ ನಗುತ್ತಾ ವಾಪಸ್ ಬಂದ. ಮುರಿದ ಅಪೆಕ್ಸ್ ಸೀಲ್ ಹಾಗೆಲ್ಲ ವಾಪಸ್ ಬರೋದಿಲ್ಲ ಗುರುಗಳೇ!