ಗುಟುಕು ಗುಟುಕಾಗಿ ಕರಗುವ ದಂತಕವಚ

ಹಲ್ಲಿನ ಹೊರಪದರವಾದ ದಂತಕವಚ, ಅಂದರೆ ಎನಾಮಲ್, ಮಾನವ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತುವಾಗಿದ್ದರೂ ಅದರಲ್ಲಿ ಜೀವಕೋಶಗಳಿಲ್ಲದ ಕಾರಣ, ಒಮ್ಮೆ ಸವೆದರೆ ಮುರಿದ ಮೂಳೆ ಕೂಡಿಕೊಳ್ಳುವಂತೆ ಮತ್ತೆ ಬೆಳೆಯಲಾರದು. ತೂಕದಲ್ಲಿ ಅದರ ಶೇ. 96ರಷ್ಟು ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 7 ತಟಸ್ಥ ಬಿಂದು. ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಬಾಯಿಯೊಳಗೆ ಅದು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಈ ಖನಿಜ ಕರಗತೊಡಗುತ್ತದೆ. ಕೋಲಾ ಪಾನೀಯಗಳ ಪಿಎಚ್ ಸುಮಾರು 2.5 ಆಗಿದ್ದು, ಒಂದೊಂದು ಅಂಕಿಯೂ ಹತ್ತು ಪಟ್ಟಿನ ಅಂತರವನ್ನು ಸೂಚಿಸುವುದರಿಂದ ಅವು ಆ ಮಿತಿಗಿಂತ ಸಾವಿರ ಪಟ್ಟು ಆಮ್ಲೀಯ.

ಆದರೆ ಎಷ್ಟು ಕುಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ಕುಡಿದರು ಎಂಬುದೇ ಇಲ್ಲಿ ಮುಖ್ಯ. ಬೆಂಗಳೂರಿನ ಐಟಿ ಪ್ರದೇಶಗಳಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ರಾತ್ರಿ ಪಾಳಿಯಲ್ಲಿ ಕೀಬೋರ್ಡಿನ ಪಕ್ಕ ಬಾಟಲಿ ಇಟ್ಟುಕೊಂಡು ನಿದ್ದೆ ತಡೆಯಲು ಆಗಾಗ ಒಂದೊಂದು ಗುಟುಕು ಹೀರುವವರ ಬಾಯಲ್ಲಿ, ಆಮ್ಲವನ್ನು ತಣಿಸಿ ಕಳೆದುಹೋದ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿಸಬೇಕಾದ ಜೊಲ್ಲಿಗೆ ಬಿಡುವೇ ಸಿಗುವುದಿಲ್ಲ. ಆರೋಗ್ಯಕರವೆಂದು ಎಲ್ಲರೂ ನಂಬಿರುವ ನಿಂಬೆ ಸೋಡಾ ಕೂಡ ಈ ವಿಷಯದಲ್ಲಿ ನಿರಪಾಯಕಾರಿಯಲ್ಲ. ಅದರ ಸಿಟ್ರಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಸವೆತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಾಲು ಬೆರೆಸಿದ ಟೀ, ಕಾಫಿ ಅಷ್ಟು ಆಮ್ಲೀಯವಲ್ಲದಿದ್ದರೂ, ಅವುಗಳ ಸಕ್ಕರೆಯನ್ನು ಹಲ್ಲಿಗಂಟಿದ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸಿ ಹುಳುಕಿಗೆ ದಾರಿ ಮಾಡುತ್ತವೆ.

ಅದೇ ನಗರದ ಕೈಗಾರಿಕಾ ಪ್ರದೇಶವಾದ ಪೀಣ್ಯದ ಸ್ಥಿತಿ ಬೇರೆ. ಅಲ್ಲಿ ಲೋಹಗಳಿಗೆ ಲೇಪನ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿದ್ದು, ಇಂಥ ಕೆಲಸದಲ್ಲಿ ಏಳುವ ಆಮ್ಲದ ಆವಿಯೇ ಮುಂದಿನ ಹಲ್ಲುಗಳ ಅಂಚನ್ನು ಸವೆಸಬಲ್ಲದೆಂಬುದನ್ನು ವೃತ್ತಿಜನ್ಯ ರೋಗಗಳ ಅಧ್ಯಯನ ಬಹಳ ಹಿಂದೆಯೇ ಗುರುತಿಸಿದೆ. ಸರಿಯಾದ ಗಾಳಿ ಸಂಚಾರವಿಲ್ಲದ ಕಡೆ ದುಡಿಯುವವನು ಬಿಡುವಿನಲ್ಲಿ ತಂಪು ಪಾನೀಯ ಕುಡಿದರೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಹಾಗೆಂದು ಹುಳಿಯೆಲ್ಲವೂ ಹಲ್ಲನ್ನು ಸವೆಸುವುದಿಲ್ಲ. ಮೊಸರು ಹುಳಿಯೇ ಆದರೂ, ಪಿಎಚ್ 4ರ ಆಸುಪಾಸಿನಲ್ಲಿದ್ದರೂ, ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ದಂತಕವಚವನ್ನು ಕರಗಿಸುವುದಿಲ್ಲ. ಹುಳಿ ಪಾನೀಯ ಬೇಕೇ ಬೇಕೆಂದಾಗ ಊಟದ ಜೊತೆಗೆ ಒಂದೇ ಸಲ ಕುಡಿದು ಮುಗಿಸಿ, ನೀರಿನಿಂದ ಬಾಯಿ ಮುಕ್ಕಳಿಸಬೇಕು. ಮೆತ್ತಗಾದ ಮೇಲ್ಮೈ ಉಜ್ಜಿದರೆ ಕಿತ್ತುಬರುವುದರಿಂದ ಕನಿಷ್ಠ ಅರ್ಧ ಗಂಟೆಯಾದರೂ ಬ್ರಶ್ ಮುಟ್ಟಬಾರದು. ರಾತ್ರಿ ಪಾಳಿ ನಡೆಸುವ ಕಂಪನಿಗಳು ತಮ್ಮ ಕ್ಯಾಂಟೀನಿನಲ್ಲಿ ತಂಪು ಪಾನೀಯದ ಪಕ್ಕಕ್ಕೆ ಗಟ್ಟಿ ಮಜ್ಜಿಗೆಯನ್ನೂ ಇಡುವ ಏರ್ಪಾಟು ಮಾಡಲಿ.