ಕಟಕಟೆಯಲ್ಲಿ ನುಡಿದದ್ದು, ಕಾಗದದಲ್ಲಿ ಮೂಡಿದ್ದು

ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಹೋಗುವ ನಮ್ಮ ಸದಸ್ಯ ಬಾಂಧವರು ಪಹಣಿ, ನಕ್ಷೆ, ಕಂದಾಯದ ರಸೀದಿಗಳನ್ನು ಜೋಪಾನವಾಗಿ ಕಟ್ಟಿಕೊಂಡು ಹೋಗುತ್ತಾರೆ. ಆದರೆ ತಾವು ಆಡಿದ ಮಾತು ಯಾವ ಭಾಷೆಯಲ್ಲಿ, ಯಾವ ಅರ್ಥದಲ್ಲಿ ಬರಹಕ್ಕೆ ಇಳಿಯಿತೆಂದು ವಿಚಾರಿಸುವವರು ವಿರಳ.

ಕುಮ್ಕಿಯನ್ನೇ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು “ಅದು ನಮ್ಮ ಕುಮ್ಕಿ” ಎಂದರೆ, ಜಮೀನು ಸರ್ಕಾರದ್ದು, ಸೊಪ್ಪು ಸೌದೆಯ ಸವಲತ್ತು ತಮ್ಮದು ಎಂದರ್ಥ. ಇದೇ ಮಾತು ಇಂಗ್ಲಿಷಿನಲ್ಲಿ ‘ನನ್ನ ಸ್ವಂತ ಜಮೀನು’ ಎಂದು ದಾಖಲಾದರೆ, ಎದುರು ವಕೀಲರು ಪಹಣಿ ತೋರಿಸಿ ಸಾಕ್ಷಿಯನ್ನು ಸುಳ್ಳುಗಾರನೆನಿಸುವುದು ಸುಲಭ. ಬರೀ ‘ಸರ್ಕಾರಿ ಜಮೀನು’ ಎಂದಾದರೋ, ಸವಲತ್ತೇ ಮಾಯ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯನ್ನು ಬರೆದವರಿಗೆ ಈ ತೊಡಕು ತಿಳಿದಿತ್ತೆಂದು ತೋರುತ್ತದೆ. ಅದರ 79ನೇ ಕಲಮಿನ ಇಂಗ್ಲಿಷ್ ಪಾಠದಲ್ಲಿಯೂ ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟ, ಕಾನು, ಹಾಡಿ ಎಂಬ ಊರ ಹೆಸರುಗಳೇ ಉಳಿದಿವೆ. ಸಾಕ್ಷಿದಾರರೂ ಆ ಹೆಸರೇ ದಾಖಲಾಗಲೆಂದು ಕೇಳಬೇಕು.

ಕೇಳಲು ಆಧಾರವೂ ಇದೆ. ನುಡಿದ ಭಾಷೆಯೊಂದು, ಬರೆದುಕೊಂಡ ಭಾಷೆಯೊಂದು ಆಗಿದ್ದು, ಬರೆದ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ, ಬರೆದುಕೊಂಡದ್ದನ್ನು ಆತ ನುಡಿದ ಭಾಷೆಯಲ್ಲಿಯೇ ವಿವರಿಸತಕ್ಕದ್ದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಹೇಳುತ್ತದೆ. ಊರಿನ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಇದನ್ನು ಬಿಟ್ಟುಕೊಡಬಾರದು. ಮುಖ್ಯ ವಿಚಾರಣೆಯ ಸಾಕ್ಷ್ಯವನ್ನು ಈಗ ಅಫಿಡವಿಟ್ಟಿನಲ್ಲಿ ಕೊಡುವುದರಿಂದ, ವಕೀಲರ ಕಚೇರಿಯಲ್ಲಿ ಸಹಿ ಹಾಕುವ ಮುನ್ನವೇ ಅದನ್ನು ಕನ್ನಡದಲ್ಲಿ ಹೇಳಿಸಿ ಕೇಳುವುದು ಲೇಸು.

ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಎಡೆಯಿದೆ. ಅಪೀಲು ಹೈಕೋರ್ಟಿಗೆ ಹೋಯಿತೆಂದರೆ ಸಂವಿಧಾನದ 348ನೇ ಅನುಚ್ಛೇದದಿಂದಾಗಿ ಕಲಾಪವೆಲ್ಲ ಇಂಗ್ಲಿಷು. 2024ರ ಡಿಸೆಂಬರಿನಲ್ಲಿ ಅಲ್ಲಿನ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ನೀಡಿದ್ದು ದೊಡ್ಡ ಸುದ್ದಿಯಾಯಿತು, ಓದಿ ಸಂತೋಷಪಟ್ಟೆವು.

ಇನ್ನು, ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಕಾರ್ಮಿಕರಿದ್ದಾರೆ. ನಮಗೆ ಇಂಗ್ಲಿಷು ಹೇಗೋ ಅವರಿಗೆ ಕನ್ನಡ ಹಾಗೆ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಧಿಸುತ್ತದೆ. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತವಾಗಿ ವಕೀಲರ ನೆರವುಂಟು. ತೋಟದ ಆಳು ಕೇಸಿನಲ್ಲಿ ಸಿಕ್ಕಿಕೊಂಡರೆ ಮಾಲೀಕರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ತಿಳಿಸಿ, ದುಭಾಷಿ ಬೇಕೆಂದು ಮೊದಲ ದಿನವೇ ವಕೀಲರಿಂದ ಅರ್ಜಿ ಕೊಡಿಸಬೇಕು. ಮೇಸ್ತ್ರಿಯ ಹರುಕುಮುರುಕು ಹಿಂದಿಯನ್ನು ನೆಚ್ಚಿ ಕೂರುವುದು ಬೇಡ.