ಹಿಂದಿನ ಗಾಡಿಗೆ ಕಣ್ಣಿಲ್ಲ

ಒಂದು ವಾಹನವು ತಾನು ನಡೆಯುವುದಲ್ಲದೆ ಇನ್ನೊಂದನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವುದು ಮಾನವನು ಕಂಡುಕೊಂಡ ಹಳೆಯ ಯುಕ್ತಿಗಳಲ್ಲೊಂದು. ಅಮೆರಿಕದ ಹೆದ್ದಾರಿಗಳಲ್ಲಿ ಈ ಯುಕ್ತಿ ವಿನೋದದ ರೂಪವನ್ನು ತಾಳಿದೆ. ಅಡಿಗೆಯ ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವನ್ನೂ ಒಳಗೊಂಡ ಮೋಟಾರು ಮನೆಯೊಂದು ಮುಂದೆ ಸಾಗುತ್ತದೆ. ಚಾಲಕನಿಲ್ಲದ ಪುಟ್ಟ ಕಾರೊಂದು ತಾಯಿಯ ಹಿಂದಿನ ಕರುವಿನಂತೆ ಅದನ್ನು ಹಿಂಬಾಲಿಸುತ್ತದೆ. ಮನೆಯನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಕಾರನ್ನು ಬಿಚ್ಚಿಕೊಂಡು ಪೇಟೆಗೆ ಹೋಗಿಬರುವುದು ಅಲ್ಲಿನ ಪ್ರವಾಸಿಗರ ಪದ್ಧತಿ.

ನಮ್ಮಲ್ಲಿ ಈ ನೋಟ ಅಪರೂಪ. ಕೆಟ್ಟುನಿಂತ ವಾಹನ, ಪೂರ್ತಿ ಜೋಡಣೆಯಾಗದ ವಾಹನ, ನೋಂದಣಿಯಾದ ಟ್ರೇಲರು, ಸೈಡ್‌ಕಾರು ಇಷ್ಟನ್ನುಳಿದು ಬೇರೇನನ್ನೂ ಮೋಟಾರು ವಾಹನವು ಎಳೆಯಕೂಡದೆಂದು 1989ರ ರಸ್ತೆ ನಿಯಮಗಳು ವಿಧಿಸಿದ್ದವು. ಹಾಗೆಂದು ನಮಗೆ ಈ ವಿದ್ಯೆ ಬೇಕಿಲ್ಲವೆಂದು ತಿಳಿಯಬಾರದು. ಸುಗ್ಗಿಯ ದಿನಗಳಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ರಸ್ತೆಗಳನ್ನು ನೋಡಿದವರಿಗೆ ಇದರ ಅಗತ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಕಾಲುವೆಯ ನಾಡಿನಲ್ಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು. ಹೊರಗಿನಿಂದ ಬಂದು ನೆಲೆಸಿದವರ ಊರುಗಳು ಇಲ್ಲಿ ‘ಕ್ಯಾಂಪ್’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಆರ್.ಎಚ್. ಕ್ಯಾಂಪ್ ಎಂಬ ಹೆಸರಿನಲ್ಲಿರುವ ಎರಡಕ್ಷರಗಳು ಪುನರ್ವಸತಿ ಎಂಬರ್ಥದ ‘ರಿಹ್ಯಾಬಿಲಿಟೇಶನ್’ ಶಬ್ದದ ಸಂಕ್ಷೇಪ. ಪೂರ್ವ ಬಂಗಾಳವನ್ನು ತೊರೆದು ಬಂದ ನಿರಾಶ್ರಿತ ಕುಟುಂಬಗಳಿಗೆ 1970ರ ದಶಕದಲ್ಲಿ ಇಲ್ಲಿ ನೆಲೆ ದೊರೆಯಿತು. ಅನ್ನವನ್ನೇ ನೆಚ್ಚಿದ ಬಂಗಾಳಿಗಳಿಗೆ ಭತ್ತದ ಗದ್ದೆಗಳ ನಾಡು ಸಿಕ್ಕಿದ್ದು ಒಂದು ಯೋಗವೆಂದೇ ಹೇಳಬೇಕು.

ಕೊಯ್ಲು ಬಂದಿತೆಂದರೆ ಈ ಸೀಮೆಯಲ್ಲಿ ಒಂಟಿಯಾಗಿ ಹೋಗುವ ಟ್ರ್ಯಾಕ್ಟರು ಕಡಿಮೆ. ಪ್ರತಿಯೊಂದರ ಹಿಂದೆಯೂ ಒಂದು ಟ್ರೇಲರು ಇದ್ದೇ ಇರುತ್ತದೆ. ಭತ್ತ ಕೊಯ್ಯುವ ದೊಡ್ಡ ಯಂತ್ರವೂ ರಸ್ತೆಗೆ ಬರುವಾಗ ತನ್ನ ಅಗಲವಾದ ಕೊಯ್ಯುವ ಭಾಗವನ್ನು ಕಳಚಿ, ಪುಟ್ಟ ಗಾಡಿಯೊಂದರ ಮೇಲಿಟ್ಟು, ಹಿಂದೆ ಎಳೆದುಕೊಂಡು ಹೋಗುವುದುಂಟು.

ಯಾರು ಯಾರನ್ನು ಎಳೆಯುತ್ತಾರೆ?

ಇಲ್ಲಿ ವಾಚಕರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದಲ್ಲಿ ದೊಡ್ಡದು ಚಿಕ್ಕದನ್ನು ಎಳೆಯುತ್ತದೆ. 10 ಟನ್ನನ್ನೂ ಮೀರಬಹುದಾದ ಮನೆಯ ಹಿಂದೆ ಒಂದೂವರೆ ಟನ್ನಿನ ಕಾರು. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. 75 ಕಿಲೋ ತೂಗುವ 60 ಚೀಲ ಭತ್ತ ಹೇರಿದರೆ ಹೊರೆಯೇ 4,500 ಕಿಲೋ ಆಯಿತು. ಟ್ರೇಲರಿನ ತೂಕ ಬೇರೆ. ಎಳೆಯುವ ಟ್ರ್ಯಾಕ್ಟರಾದರೋ ಸಾಮಾನ್ಯವಾಗಿ 2 ಟನ್ನಿನ ಆಸುಪಾಸಿನದು. ಏರಿನಲ್ಲಿ ಅದು ಎಳೆಯುತ್ತದೆ, ನಿಜ. ಇಳಿಜಾರಿನಲ್ಲಿ ಹಿಂದಿನ ಹೊರೆಯೇ ಅದನ್ನು ದಬ್ಬತೊಡಗುತ್ತದೆ. ಆಗ ಗೇರನ್ನು ತಪ್ಪಿಸಿ ಗಾಡಿಯನ್ನು ಹರಿಯಬಿಡುವುದು ಎಣ್ಣೆಯ ಉಳಿತಾಯವಲ್ಲ, ಪ್ರಾಣದ ಪಣ. ವೇಗ ಇಮ್ಮಡಿಯಾದರೆ, ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆ.

ಟ್ರ್ಯಾಕ್ಟರಿನ ಎಡಬಲ ಗಾಲಿಗಳಿಗೆ ಪ್ರತ್ಯೇಕ ಬ್ರೇಕುಗಳಿವೆ. ಹೊಲದಲ್ಲಿ ಗಕ್ಕನೆ ತಿರುಗಲು ಮಾಡಿದ ಏರ್ಪಾಡು ಅದು. ರಸ್ತೆಗಿಳಿಯುವ ಮುನ್ನ ಎರಡು ಪೆಡಲುಗಳನ್ನೂ ಕೊಂಡಿಯಿಂದ ಒಂದುಗೂಡಿಸಬೇಕು. ಇಲ್ಲವಾದರೆ ಒಂದೇ ಮಗ್ಗುಲಿಗೆ ಬ್ರೇಕು ಬಿದ್ದು ಟ್ರ್ಯಾಕ್ಟರು ಅಡ್ಡ ತಿರುಗೀತು, ಹಿಂದಿನ ಹೊರೆ ಅದರ ಮೇಲೇರಿ ಬಂದೀತು.

ಹೊರೆಯನ್ನು ಹೇರುವ ಕ್ರಮವನ್ನು ನಮ್ಮ ಎತ್ತಿನ ಗಾಡಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ಧರ್ಮ. ಹಿಂಭಾರವು ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತವನ್ನು ತಪ್ಪಿಸುತ್ತದೆ. ಅತಿಯಾದ ಮುಂಭಾರವು ಮುಂಗಾಲಿಗಳನ್ನೇ ನೆಲದಿಂದ ಎತ್ತುತ್ತದೆ. ಎತ್ತಾದರೆ ಮುಗ್ಗರಿಸಿ ಎಚ್ಚರಿಸೀತು. ಯಂತ್ರಕ್ಕೆ ಆ ಬಾಯಿಯಿಲ್ಲ.

ಒಂದು ಪಿನ್ನು, ಎರಡು ಸರಪಳಿ

ಮೋಟಾರು ಮನೆಯವನು ತನ್ನ ಹಗುರವಾದ ಕಾರಿಗೆ ಎಷ್ಟು ಉಪಚಾರ ಮಾಡುತ್ತಾನೆಂಬುದು ಅರಿಯತಕ್ಕ ವಿಷಯ. ಎಳೆಯುವ ಕಬ್ಬಿಣದ ದಂಡವಿದ್ದರೂ, ಅದು ಕಳಚಿದರೆ ಇರಲೆಂದು ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸಿ ಕಟ್ಟುತ್ತಾನೆ. ಮುಂದೆ ಬ್ರೇಕು ಒತ್ತಿದಾಗ ಹಿಂದಿನ ಕಾರಿನ ಬ್ರೇಕೂ ಹಿಡಿಯುವಂತೆ ಉಪಕರಣವನ್ನಿಡುತ್ತಾನೆ. ಮುಂದಿನ ವಾಹನದ ಕೆಂಪು ದೀಪ ಉರಿದಾಗ ಹಿಂದಿನದೂ ಉರಿಯುವಂತೆ ತಂತಿ ಜೋಡಿಸುತ್ತಾನೆ. ಕೆಲವು ಕಾರುಗಳ ಗೇರುಪೆಟ್ಟಿಗೆಗೆ ಎಂಜಿನ್ ಓಡುವಾಗಲಷ್ಟೇ ಎಣ್ಣೆ ಹರಿಯುವುದರಿಂದ, ಎಳೆಯಲು ತಕ್ಕ ಕಾರೇ ಎಂಬುದನ್ನೂ ಮೊದಲು ವಿಚಾರಿಸುತ್ತಾನೆ.

ಹಗುರವಾದುದಕ್ಕೆ ಇಷ್ಟು ಎಚ್ಚರ ಬೇಕಾದರೆ, ತನಗಿಂತ ಇಮ್ಮಡಿ ಭಾರವನ್ನು ಒಂದೇ ಒಂದು ಪಿನ್ನಿನಿಂದ ಎಳೆಯುವವನಿಗೆ ಎಷ್ಟು ಬೇಡ? ಪಿನ್ನು ಮೇಲಕ್ಕೆ ನೆಗೆಯದಂತೆ ಕೆಳಗೆ ಕೀಲಿರಬೇಕು. ಜೊತೆಗೆ ಬಲವಾದ ಸರಪಳಿಯಿರಬೇಕು. ಸವೆದ ಪಿನ್ನಿನ ಬದಲು ಕೈಗೆ ಸಿಕ್ಕ ಕಬ್ಬಿಣದ ಸರಳನ್ನು ತೂರಿಸುವ ಅಭ್ಯಾಸ ತಪ್ಪಬೇಕು.

ಸರಪಳಿಯ ಬೆಲೆ ಈ ಸೀಮೆಗೆ ಹೊಸದಾಗಿ ತಿಳಿಯಬೇಕಾದುದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಲ್ಲಿಗೆ ತಡೆಹಲಗೆ ಇಳಿಸುವವರೆಗೆ, ಅಂದರೆ ಸುಮಾರು ಒಂದು ವಾರ, ಕಾಲುವೆಯನ್ನು ನಂಬಿದ ಎಲ್ಲರ ಜೀವ ಕೈಯಲ್ಲಿತ್ತು.

ಕತ್ತಲೆಯ ಶತ್ರು

ಕೊನೆಯದಾಗಿ ದೀಪದ ಮಾತು. ಹೊರೆ ಹೇರಿದ ಟ್ರೇಲರು ಟ್ರ್ಯಾಕ್ಟರಿನ ಹಿಂದೀಪಗಳನ್ನು ಪೂರ್ತಿ ಮರೆಮಾಡುತ್ತದೆ. ಕತ್ತಲಲ್ಲಿ ಬೈಸಿಕಲ್ಲಿನ ಮೇಲೋ ಮೋಟಾರು ಸೈಕಲ್ಲಿನ ಮೇಲೋ ಬರುವವನಿಗೆ ಅದು ರಸ್ತೆಯ ನಡುವೆ ನಿಂತ ಕರಿಯ ಗೋಡೆ. ಹಿಂದಿನ ಕಾಲದ ಬಂಡಿಕಾರನು ಅಚ್ಚಿನ ಕೆಳಗೊಂದು ಲಾಟೀನು ತೂಗುಹಾಕುತ್ತಿದ್ದನು. ಇಂದು ಕೆಂಪು ಪ್ರತಿಫಲಕದ ಪಟ್ಟಿಯನ್ನು ಅಂಟಿಸಲು ಕಾಲು ಗಂಟೆಯೂ ಬೇಡ. ಕೆಟ್ಟುನಿಂತ ವಾಹನವನ್ನು ಎಳೆಯುವವನಿಗೂ 1989ರ ನಿಯಮಗಳು ಇದೇ ಎಚ್ಚರವನ್ನು ಹೇಳಿದ್ದವು: ಎರಡರ ನಡುವಣ ಅಂತರ 5 ಮೀಟರು ಮೀರಬಾರದು, ವೇಗ ಗಂಟೆಗೆ 24 ಕಿಲೋಮೀಟರು ದಾಟಬಾರದು, ಎಳೆಯುವ ಹಗ್ಗ ಇತರರ ಕಣ್ಣಿಗೆ ಕಾಣುವಂತಿರಬೇಕು.

ಹಿಂದೆ ಬರುವ ಗಾಡಿಗೆ ಸ್ವಂತ ಕಣ್ಣಿಲ್ಲ, ಕಾಲಿಲ್ಲ, ಬುದ್ಧಿಯಿಲ್ಲ. ಅವೆಲ್ಲವನ್ನೂ ಮುಂದೆ ಕುಳಿತವನೇ ಅದಕ್ಕೆ ಒದಗಿಸಬೇಕು. ಭತ್ತದ ಚೀಲಗಳ ಮೇಲೆ ಕೂಲಿಯವರು ಕುಳಿತು ಮನೆಗೆ ಮರಳುವ ರೂಢಿ ಇನ್ನೂ ಅಳಿಯದಿರುವಾಗ, ಆ ಪಿನ್ನಿನ ಆಧಾರದಲ್ಲಿ ನಿಂತಿರುವುದು ಬೆಳೆಯೊಂದೇ ಅಲ್ಲವೆಂಬುದು ಅವನ ನೆನಪಿನಲ್ಲಿರಲಿ.